ಸೈಕಲ್ ಏರಿದ ಕಾಫಿ: ಸಣ್ಣ ಉದ್ದಿಮೆಗೆ ತೆರೆದಿರುವ ಒಂದು ಬಾಗಿಲು

ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸೈಕಲ್ ಸವಾರರ ಗುಂಪುಗಳು ಕಾಣಸಿಗುವುದು ಈಗ ವಿಶೇಷವೇನಲ್ಲ. ಸುಮಾರು 60 ಕಿ.ಮೀ. ದೂರದ ನಂದಿಬೆಟ್ಟ ಅವರ ಗುರಿ. ಸೈಕಲ್ಲಿನ ಚೌಕಟ್ಟಿಗೆ ಒಂದು ನೀರಿನ ಬಾಟಲಿ, ಅದರ ಪಕ್ಕದಲ್ಲಿಯೇ ಉಕ್ಕಿನ ಒಂದು ಫ್ಲಾಸ್ಕ್. ಅದೇ ಹೊತ್ತಿನಲ್ಲಿ ನಗರದ ಹೂವಿನ ಹಾಗೂ ತರಕಾರಿ ಮಾರುಕಟ್ಟೆಗಳಲ್ಲಿ, ಸೈಕಲ್ಲಿನ ಕ್ಯಾರಿಯರ್‌ಗೆ ದೊಡ್ಡ ಫ್ಲಾಸ್ಕ್ ಕಟ್ಟಿಕೊಂಡು ಹಮಾಲರಿಗೆ, ವರ್ತಕರಿಗೆ ಬಿಸಿ ಕಾಫಿ, ಚಹಾ ಮಾರುವವರು ತಮ್ಮ ಮೊದಲ ಸುತ್ತನ್ನು ಮುಗಿಸಿರುತ್ತಾರೆ. ಇಬ್ಬರೂ ಸೈಕಲ್ ಮೇಲೆ ಕಾಫಿಯನ್ನು ಹೊತ್ತವರೇ. ಒಬ್ಬರಿಗೆ ಅದು ಹವ್ಯಾಸ, ಇನ್ನೊಬ್ಬರಿಗೆ ಅದು ಅನ್ನ. ವಾಣಿಜ್ಯದ ದೃಷ್ಟಿಯಿಂದ ನೋಡಿದರೆ ಇಬ್ಬರೂ ಗ್ರಾಹಕರೇ.

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಪಾಲು ಕರ್ನಾಟಕದ್ದು. ಕಾಫಿ ಮಂಡಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. ಲೋಹದ ಕೆಲಸದಲ್ಲಿ ಪಳಗಿದ ಕೈಗಳು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಸಾವಿರಾರು ಇವೆ. ಹೀಗಿದ್ದರೂ ಸವಾರನ ಸೈಕಲ್ಲಿನ ಮೇಲಿರುವ ಕಾಫಿ ಸಾಮಗ್ರಿಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಅವುಗಳಲ್ಲಿ ನಮ್ಮ ನಾಡಿನಲ್ಲಿ ತಯಾರಾದುದು ಕಾಫಿಪುಡಿ ಮಾತ್ರವೇ ಆಗಿರುವ ಸಂಭವ ಹೆಚ್ಚು. ಬೀಜ ನಮ್ಮದು, ಬೀಜದ ಸುತ್ತ ಹುಟ್ಟುವ ವ್ಯಾಪಾರ ಬೇರೆಯವರದು ಎಂಬ ಹಳೆಯ ಕಥೆ ಇಲ್ಲಿಯೂ ಮುಂದುವರಿಯಬೇಕೆ ಎಂಬುದೇ ಇಲ್ಲಿರುವ ಪ್ರಶ್ನೆ.

ಇಟಲಿಯ ಅನುಭವ

ಕಾಫಿಗೂ ಸೈಕಲ್ಲಿಗೂ ಇರುವ ನಂಟನ್ನು ವ್ಯಾಪಾರವನ್ನಾಗಿ ಪರಿವರ್ತಿಸಿದವರಲ್ಲಿ ಇಟಲಿಯ ಉದ್ದಿಮೆದಾರರು ಮೊದಲಿಗರು. 1950ರ ದಶಕದ ಆರಂಭದವರೆಗೆ ಅಲ್ಲಿನ ವೃತ್ತಿಪರ ಸೈಕಲ್ ತಂಡಗಳ ವೆಚ್ಚವನ್ನು ಮುಖ್ಯವಾಗಿ ಸೈಕಲ್ ಮತ್ತು ಟೈರು ತಯಾರಕರೇ ಭರಿಸುತ್ತಿದ್ದರು. 1954ರಲ್ಲಿ ಫಿಯೊರೆಂಝೊ ಮಾಞಿ ಎಂಬ ಸ್ಪರ್ಧಿ ನಿವಿಯಾ ಕಂಪನಿಯ ಪ್ರಾಯೋಜಕತ್ವವನ್ನು ಪಡೆದ ಮೇಲೆ ಹೊರಗಿನ ಉದ್ದಿಮೆಗಳಿಗೂ ದಾರಿ ತೆರೆಯಿತು. ಮಿಲಾನ್ ನಗರದಲ್ಲಿ ಎರ್ನೆಸ್ಟೊ ವಲೆಂಟೆ 1945ರಲ್ಲಿ ಸ್ಥಾಪಿಸಿದ್ದ ಫಾಯೆಮಾ ಎಂಬ ಎಸ್‌ಪ್ರೆಸೊ ಯಂತ್ರಗಳ ಕಂಪನಿ ಆ ದಾರಿಯನ್ನು ಹಿಡಿದು, ಕೆಲವೇ ವರ್ಷಗಳಲ್ಲಿ ತನ್ನದೇ ತಂಡವನ್ನು ಕಟ್ಟಿತು.

ಫಾಯೆಮಾ ಮಾರುತ್ತಿದ್ದುದು ಕಾಫಿಯನ್ನಲ್ಲ, ಕಾಫಿ ಮಾಡುವ ಯಂತ್ರವನ್ನು. ಅದರ ಗ್ರಾಹಕನೆಂದರೆ ಊರಿನ ಕಾಫಿ ಬಾರ್‌ನ ಮಾಲೀಕ. ಸೈಕಲ್ ಸ್ಪರ್ಧೆಯ ವರದಿಗಾಗಿ ಜನ ಸೇರುತ್ತಿದ್ದುದು ಆತನ ಬಾರ್‌ನಲ್ಲಿಯೇ. ಸ್ಪರ್ಧಿಯ ಅಂಗಿಯ ಮೇಲಿನ ಹೆಸರನ್ನೂ ಯಂತ್ರದ ಮೇಲಿನ ಹೆಸರನ್ನೂ ಒಂದೇ ಕಣ್ಣು ಒಂದೇ ಸ್ಥಳದಲ್ಲಿ ನೋಡುವಂತಾಯಿತು. 1961ರಲ್ಲಿ ಕಂಪನಿ ಹೊರತಂದ ಇ-61 ಯಂತ್ರಕ್ಕೆ ಆ ವರ್ಷದ ಸೂರ್ಯಗ್ರಹಣದ ನೆನಪಿನಲ್ಲಿ ಹೆಸರಿಡಲಾಯಿತು. ಅಲ್ಲಿಯವರೆಗೆ ಕೈಯಿಂದ ಸನ್ನೆಕೋಲನ್ನು ಎಳೆದು ಒತ್ತಡವನ್ನು ಉಂಟುಮಾಡಬೇಕಿತ್ತು. ಈ ಯಂತ್ರದಲ್ಲಿ ವಿದ್ಯುತ್ ಪಂಪು ಸುಮಾರು 9 ವಾಯುಭಾರದ ಒತ್ತಡವನ್ನು ಸಮನಾಗಿ ಒದಗಿಸಿತು. ಮುಂದೆ 1969ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಅವರು ಫಾಯೆಮಾ ಹೆಸರಿನ ಅಂಗಿಯನ್ನು ಧರಿಸಿ ಟೂರ್ ಡಿ ಫ್ರಾನ್ಸ್ ಗೆದ್ದಾಗ, ಯಂತ್ರದ ಹೆಸರು ಸೈಕಲ್ ಚರಿತ್ರೆಯಲ್ಲಿಯೂ ದಾಖಲಾಯಿತು. ಆ ಬಳಿಕ ಕಾಫಿ ಯಂತ್ರಗಳ ತಯಾರಕ ಸಯೆಕೊ 1996ರಿಂದ 2004ರವರೆಗೆ, ಕಾಫಿ ಹುರಿಯುವ ಸೆಗಾಫ್ರೆಡೊ 2016ರಿಂದ 2023ರವರೆಗೆ ತಂಡಗಳ ಪ್ರಾಯೋಜಕತ್ವ ವಹಿಸಿದುದು ಇದೇ ಮಾರ್ಗದ ಮುಂದುವರಿಕೆ.

ಇದರಿಂದ ಸಣ್ಣ ವರ್ತಕ ಕಲಿಯಬೇಕಾದ ಪಾಠ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯಬೇಕೆಂಬುದಲ್ಲ. ಸರಕನ್ನು ಕೊಳ್ಳುವವನು ಯಾರು, ಆತನ ಕಣ್ಣು ಯಾವ ಹೊತ್ತಿನಲ್ಲಿ ಎಲ್ಲಿ ಇರುತ್ತದೆ ಎಂಬುದನ್ನು ಅರಿತು ಅಲ್ಲಿಯೇ ಹೆಸರನ್ನು ನಿಲ್ಲಿಸಬೇಕೆಂಬುದು.

ಬೆಳೆಗಾರರೇ ಕಟ್ಟಿದ ತಂಡ

ಇಟಲಿಯಲ್ಲಿ ಕಾಫಿ ಬೆಳೆಯುವುದಿಲ್ಲ. ಬೆಳೆಯುವ ನಾಡೊಂದು ಸೈಕಲ್ಲನ್ನು ಬಳಸಿಕೊಂಡ ಬಗೆಯನ್ನು ಕೊಲಂಬಿಯಾದಲ್ಲಿ ನೋಡಬೇಕು. ಅಲ್ಲಿನ ಬೆಳೆಗಾರರ ರಾಷ್ಟ್ರೀಯ ಒಕ್ಕೂಟ 1927ರಲ್ಲಿ ಸ್ಥಾಪನೆಯಾಯಿತು. 1950ರ ದಶಕದ ಕೊನೆಯಲ್ಲಿ ಹೇಸರಗತ್ತೆಯ ಪಕ್ಕ ನಿಂತ ಹ್ವಾನ್ ವಾಲ್ಡೆಸ್ ಎಂಬ ಕಲ್ಪಿತ ಬೆಳೆಗಾರನ ಚಿತ್ರವನ್ನು ಅದು ಅಮೆರಿಕದ ಗ್ರಾಹಕರ ಮುಂದಿಟ್ಟಿತು. 1980ರ ದಶಕದಲ್ಲಿ ‘ಕಫೆ ದೆ ಕೊಲಂಬಿಯಾ’ ಎಂಬ ಹೆಸರಿನಲ್ಲಿ ಸೈಕಲ್ ತಂಡವನ್ನೇ ಯೂರೋಪಿಗೆ ಕಳುಹಿಸಿತು. ಆ ತಂಡದ ಲೂಚೊ ಎರೆರಾ 1985ರ ಟೂರ್ ಡಿ ಫ್ರಾನ್ಸ್‌ನಲ್ಲಿ ಪರ್ವತ ಸವಾರಿಯ ಪ್ರಶಸ್ತಿಯನ್ನು ಪಡೆದರು. 1987ರಲ್ಲಿ ಸ್ಪೇನಿನ ವುಏಲ್ತಾ ಸ್ಪರ್ಧೆಯನ್ನು ಗೆದ್ದು, ಅಂತಹ ಮಹಾಸ್ಪರ್ಧೆಯೊಂದನ್ನು ಗೆದ್ದ ಮೊದಲ ದಕ್ಷಿಣ ಅಮೆರಿಕನ್ನರೆನಿಸಿದರು.

ಬೆಟ್ಟದ ಇಳಿಜಾರಿನಲ್ಲಿ ಬೆಳೆದ ಕಾಫಿ, ಅದೇ ಬೆಟ್ಟಗಳಲ್ಲಿ ಸೈಕಲ್ ತುಳಿದು ಬೆಳೆದ ಹುಡುಗ ಎಂಬ ಮಾತು ಗ್ರಾಹಕನಿಗೆ ಸುಲಭವಾಗಿ ತಲುಪಿತು. ಆದರೆ 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿದ್ದು ಬೆಲೆ ಕುಸಿಯಿತು. ಕೆಲವೇ ವರ್ಷಗಳಲ್ಲಿ ತಂಡವೂ ನಿಂತಿತು. ಆದರೂ ಹೆಸರು ಉಳಿದಿತ್ತು. 2002ರಲ್ಲಿ ಒಕ್ಕೂಟ ಹ್ವಾನ್ ವಾಲ್ಡೆಸ್ ಹೆಸರಿನಲ್ಲಿಯೇ ಸ್ವಂತ ಕಾಫಿ ಮಳಿಗೆಗಳನ್ನು ತೆರೆದಾಗ ಆ ಹೆಸರೇ ಬಂಡವಾಳವಾಯಿತು.

ನಮ್ಮಲ್ಲಿ ಅದೇ ಕಾಲದಲ್ಲಿ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಕಡ್ಡಾಯವಾಗಿ ಒಪ್ಪಿಸಬೇಕಿತ್ತು. 1942ರ ಕಾನೂನಿನ ಅಡಿಯಲ್ಲಿ ನಡೆದ ಈ ವ್ಯವಸ್ಥೆ ಬೆಲೆಯ ಏರಿಳಿತದಿಂದ ಒಂದು ಮಟ್ಟದ ರಕ್ಷಣೆಯನ್ನು ನೀಡಿದರೂ, ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರುತ್ತಿದ್ದುದರಿಂದ ತೋಟದ ಹೆಸರಿಗೆ ಬೆಲೆ ಇರಲಿಲ್ಲ. 1992ರಿಂದ ಫಸಲಿನ ಒಂದು ಭಾಗವನ್ನು ಸ್ವತಂತ್ರವಾಗಿ ಮಾರುವ ಅವಕಾಶ ದೊರೆಯಿತು, 1996ರ ವೇಳೆಗೆ ಪೂರ್ಣ ಸ್ವಾತಂತ್ರ್ಯ ಬಂದಿತು. ಅದೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತೆಂಬುದು ಗಮನಾರ್ಹ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಹಾಗೂ ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಹೆಸರನ್ನು ಮಾರಲು ಇದ್ದ ಅಡ್ಡಿ ನಿವಾರಣೆಯಾಗಿದೆ. ಹೆಸರನ್ನು ಕೊಂಡೊಯ್ಯುವ ವಾಹನವನ್ನು ಹುಡುಕಬೇಕಷ್ಟೆ.

ಪೇಟೆಂಟ್ ಇಲ್ಲದ ಫ್ಲಾಸ್ಕ್

ಸವಾರನ ಕಾಫಿಗೆ ಮೂಲಾಧಾರ ಫ್ಲಾಸ್ಕ್. ಅದರ ಚರಿತ್ರೆಯೂ ವ್ಯಾಪಾರಿಗೆ ಒಂದು ಪಾಠವೇ. ಸ್ಕಾಟ್ಲೆಂಡ್ ಮೂಲದ ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ದ್ರವೀಕೃತ ಅನಿಲಗಳನ್ನು ಶೇಖರಿಸಿಡಲು ಎರಡು ಗೋಡೆಗಳ ಗಾಜಿನ ಪಾತ್ರೆಯನ್ನು ರೂಪಿಸಿ, ಗೋಡೆಗಳ ನಡುವಿನ ಗಾಳಿಯನ್ನು ತೆಗೆದುಹಾಕಿದರು. ಗಾಳಿಯಿಲ್ಲದೆಡೆ ಶಾಖ ಸುಲಭವಾಗಿ ದಾಟಲಾರದು. ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಜರ್ಮನಿಯ ಗಾಜಿನ ಕುಶಲಕರ್ಮಿ ರೈನ್‌ಹೋಲ್ಡ್ ಬರ್ಗರ್ ಅದಕ್ಕೆ ಲೋಹದ ಹೊರಕವಚವನ್ನು ತೊಡಿಸಿ ಮನೆಬಳಕೆಗೆ ತಂದು ಪೇಟೆಂಟ್ ಪಡೆದರು. 1904ರಲ್ಲಿ ಥರ್ಮೋಸ್ ಕಂಪನಿ ಆರಂಭವಾಯಿತು. ಡ್ಯೂವರ್ ನ್ಯಾಯಾಲಯದ ಮೊರೆ ಹೋದರೂ ಫಲ ಸಿಗಲಿಲ್ಲ. ಮುಂದೆ 1963ರಲ್ಲಿ ಅಮೆರಿಕದ ನ್ಯಾಯಾಲಯವು ಥರ್ಮೋಸ್ ಎಂಬ ಪದ ಜನಬಳಕೆಯ ಸಾಮಾನ್ಯ ಪದವಾಗಿದೆಯೆಂದು ತೀರ್ಪಿತ್ತಾಗ, ಗೆದ್ದ ಕಂಪನಿಯೂ ತನ್ನ ಹೆಸರಿನ ಮೇಲಿನ ಹಿಡಿತವನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಕಂಡುಹಿಡಿದವನು ನೋಂದಣಿ ಮಾಡಿಸದೆ ಸೋತ, ನೋಂದಣಿ ಮಾಡಿಸಿದವನು ಹೆಸರನ್ನು ಕಾಯ್ದುಕೊಳ್ಳಲಾಗದೆ ಸೋತ.

ನಮ್ಮ ಸಣ್ಣ ತಯಾರಕರಿಗೆ ಇದು ದೂರದ ಮಾತಲ್ಲ. ವಸ್ತುವಿನ ಹೊರರೂಪಕ್ಕೆ 2000ದ ವಿನ್ಯಾಸಗಳ ಕಾಯಿದೆಯಡಿ ಮೊದಲಿಗೆ 10 ವರ್ಷ, ನಂತರ ಇನ್ನೂ 5 ವರ್ಷ ರಕ್ಷಣೆ ದೊರೆಯುತ್ತದೆ. ಆದರೆ ಅರ್ಜಿಯನ್ನು ಮಾರುಕಟ್ಟೆಗೆ ಬಿಡುವ ಮುನ್ನವೇ ಸಲ್ಲಿಸಬೇಕು. ಪ್ರದರ್ಶನದಲ್ಲಿಟ್ಟು, ಆರ್ಡರ್ ಬಂದ ಮೇಲೆ ನೋಡೋಣವೆಂದರೆ ವಿನ್ಯಾಸದ ಹೊಸತನವೇ ಪ್ರಶ್ನೆಗೊಳಗಾಗುತ್ತದೆ.

ಸವಾರನಿಗೆ ಬೇಕಾದುದೇನು?

ಈ ಗ್ರಾಹಕನ ಅಗತ್ಯಗಳು ಸ್ಪಷ್ಟವಾಗಿವೆ, ಅಳತೆಗೆ ಸಿಗುವಂತಹವು. ಸೈಕಲ್ ಚೌಕಟ್ಟಿನ ಮೇಲೆ ಬಾಟಲಿ ಹಿಡಿಕೆಗಾಗಿ ಇರುವ ಎರಡು ತಿರುಪಿನ ರಂಧ್ರಗಳ ನಡುವಿನ ಅಂತರ 64 ಮಿ.ಮೀ. ತಿರುಪು 5 ಮಿ.ಮೀ. ಗಾತ್ರದ್ದು. ಹಿಡಿಕೆಯಲ್ಲಿ ಕೂರುವ ಬಾಟಲಿಯ ವ್ಯಾಸ ಸುಮಾರು 73ರಿಂದ 74 ಮಿ.ಮೀ. ಅಂಗಡಿಯಲ್ಲಿ ಸಿಗುವ ಫ್ಲಾಸ್ಕ್ ಇದಕ್ಕಿಂತ ದಪ್ಪವಾದರೆ ಒಳಗೆ ಹೋಗದು. ತೆಳುವಾದರೆ ಪ್ರತಿ ಗುಂಡಿಗೂ ಕಟಕಟ ಸದ್ದು ಮಾಡಿ ಕೊನೆಗೆ ರಸ್ತೆಗೆ ಹಾರುತ್ತದೆ. ಕಚೇರಿಯ ಮೇಜಿನ ಮೇಲೆ ಸೋರದ ಮುಚ್ಚಳ, ಹಳ್ಳದ ರಸ್ತೆಯ ಅದುರಾಟದಲ್ಲಿ ಸೋರಬಹುದು. ಕೈಗವಸು ತೊಟ್ಟ ಕೈಯಿಂದಲೇ ಅದನ್ನು ತೆರೆಯಲು ಬರಬೇಕು.

ಹಿಂಡಿ ಕುಡಿಯುವ ಸಾಮಾನ್ಯ ಸೈಕಲ್ ಬಾಟಲಿ ಮೃದುವಾದ ಪ್ಲಾಸ್ಟಿಕ್ಕಿನದು. ಅದರಲ್ಲಿ ಕುದಿಯುವ ಕಾಫಿಯನ್ನು ತುಂಬುವಂತಿಲ್ಲ. ತುಂಬಿದರೂ ಓಡುವ ಸೈಕಲ್ಲಿನ ಮೇಲೆ ಹಿಂಡಿದರೆ ಬಾಯಿ ಸುಡುವುದು ಖಚಿತ. ಆದ್ದರಿಂದ ಓಟಕ್ಕೆ ನೀರು, ತಂಗುವಿಕೆಗೆ ಕಾಫಿ ಎಂಬುದು ಸವಾರರು ಪಾಲಿಸುವ ಕ್ರಮ. ಹಾಲು ಬೆರೆಸಿದ ಕಾಫಿ ಬಿಸಿ ಇಳಿದ ಮೇಲೆ ಬೇಗ ಕೆಡುತ್ತದೆ. ಅಲ್ಲದೆ ಹಾಲಿನ ಜಿಡ್ಡು ಮುಚ್ಚಳದ ರಬ್ಬರಿನಲ್ಲಿ ಉಳಿದು ವಾಸನೆ ಹಿಡಿಯುತ್ತದೆ. ಡಿಕಾಕ್ಷನ್ನನ್ನು ಸಣ್ಣ ಉಕ್ಕಿನ ಬಾಟಲಿಯಲ್ಲಿ ಬೇರೆಯಾಗಿ ಒಯ್ದು ದಾರಿಬದಿಯ ಹೋಟೆಲಿನಲ್ಲಿ ಬಿಸಿ ಹಾಲನ್ನು ಕೊಳ್ಳುವುದು, ಇಲ್ಲವೇ ಹಾಲಿಲ್ಲದ ಕಾಫಿಯನ್ನೇ ತುಂಬಿಕೊಳ್ಳುವುದು ಇದಕ್ಕೆ ಪರಿಹಾರ.

ಇನ್ನು ಕೆಲವರು ಸ್ಥಳದಲ್ಲಿಯೇ ಕಾಫಿ ಮಾಡುವವರು. ಇಟಲಿಯ ಅಲ್ಫೊನ್ಸೊ ಬಿಯಲೆಟ್ಟಿಯವರ ಹೆಸರಿನೊಂದಿಗೆ 1933ರಿಂದ ಗುರುತಿಸಲಾಗುವ ಮೋಕಾ ಪಾತ್ರೆ, ಹಾರುವ ಬಳೆಯಂತಹ ಆಟಿಕೆಗಳಿಗೆ ಹೆಸರಾದ ಅಮೆರಿಕದ ಅಲನ್ ಆಡ್ಲರ್ 2005ರಲ್ಲಿ ಹೊರತಂದ ಏರೋಪ್ರೆಸ್, ಕೈಯಿಂದ ತಿರುಗಿಸುವ ಪುಟ್ಟ ಬೀಸುವ ಯಂತ್ರ, ಅಂಗೈಯಗಲದ ಒಲೆ ಇವೆಲ್ಲ ಅವರ ಚೀಲದಲ್ಲಿರುತ್ತವೆ. ವಾಷಿಂಗ್ಟನ್‌ನಲ್ಲಿ 2011ರಲ್ಲಿ ಆರಂಭವಾದ ‘ಕಾಫಿನ್ಯೂರಿಂಗ್’ ಎಂಬ ವಾರ್ಷಿಕ ಪರಿಪಾಠದಲ್ಲಿ ಸವಾರರು ಏಳು ವಾರಗಳ ಅವಧಿಯಲ್ಲಿ ಏಳು ಬೇರೆ ಬೇರೆ ಸ್ಥಳಗಳಿಗೆ ಸೈಕಲ್ಲಿನಲ್ಲಿ ಹೋಗಿ ಕಾಫಿ ಕುಡಿಯುತ್ತಾರೆ. ಗೆಲುವು ಸೋಲು ಇಲ್ಲದ ಈ ಆಟ ಹಲವು ದೇಶಗಳಿಗೆ ಹಬ್ಬಿದೆ.

ದೂರದ ಸವಾರಿಯವರ ಅಗತ್ಯ ಇನ್ನೂ ಗಂಭೀರ. 200 ಕಿ.ಮೀ. ಬ್ರೆವೆಯನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿ.ಮೀ. ಬ್ರೆವೆಯನ್ನು 40 ಗಂಟೆಯಲ್ಲಿ ಮುಗಿಸಬೇಕು. ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿ ಸುಮಾರು 1,200 ಕಿ.ಮೀ., ಗರಿಷ್ಠ ಅವಧಿ 90 ಗಂಟೆ. 2019 ಮತ್ತು 2023ರಲ್ಲಿ ಭಾರತದಿಂದಲೂ ನೂರಾರು ಮಂದಿ ಅದರಲ್ಲಿ ಭಾಗವಹಿಸಿದ್ದರು, ಅವರಲ್ಲಿ ಕನ್ನಡನಾಡಿನವರೂ ಇದ್ದರು. ರಾತ್ರಿ ಎರಡು ಗಂಟೆಗೆ ಅಂಗಡಿಗಳೆಲ್ಲ ಮುಚ್ಚಿರುವಾಗ ಕಣ್ಣು ಮುಚ್ಚದಂತೆ ಕಾಯುವುದು ಫ್ಲಾಸ್ಕಿನ ಕಾಫಿಯೇ. ಕಾಫಿಯಲ್ಲಿರುವ ಕೆಫೀನ್ ಸ್ಪರ್ಧಿಗಳಿಗೆ ಒಂದು ಮಿತಿಯಾಚೆ ನಿಷಿದ್ಧವಾಗಿದ್ದ ಕಾಲವೂ ಇತ್ತು. 2004ರಲ್ಲಿ ಅದನ್ನು ನಿಷಿದ್ಧ ವಸ್ತುಗಳ ಪಟ್ಟಿಯಿಂದ ಕೈಬಿಡಲಾಯಿತು.

ಏನನ್ನು ಮಾಡಬೇಕು, ಏನನ್ನು ಬಿಡಬೇಕು?

ಫ್ಲಾಸ್ಕಿಗೆ ಬೇಡಿಕೆ ಇದೆಯೆಂದು ಫ್ಲಾಸ್ಕನ್ನೇ ತಯಾರಿಸಲು ಹೊರಡುವುದು ಸಣ್ಣ ಘಟಕಕ್ಕೆ ವಿವೇಕವಲ್ಲ. ಉಕ್ಕಿನ ಎರಡು ಗೋಡೆಗಳ ನಡುವೆ ನಿರ್ವಾತವನ್ನು ಉಂಟುಮಾಡಿ ಬೆಸೆಯುವ ಕುಲುಮೆಗೆ ದೊಡ್ಡ ಬಂಡವಾಳ ಬೇಕು. ಜೊತೆಗೆ ಮನೆಬಳಕೆಯ ಫ್ಲಾಸ್ಕ್ ಹಾಗೂ ಬಾಟಲಿಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶವನ್ನು ಹೊರಡಿಸಿದ್ದು, ಭಾರತೀಯ ಮಾನಕ ಬ್ಯೂರೋದ ಪರವಾನಗಿಯ ವಿಷಯವನ್ನು ಮೊದಲು ಇತ್ಯರ್ಥಪಡಿಸಿಕೊಳ್ಳಬೇಕಾಗುತ್ತದೆ. ಹೊರದೇಶದಿಂದ ಫ್ಲಾಸ್ಕ್ ತರಿಸಿ ತಮ್ಮ ಹೆಸರನ್ನು ಅಚ್ಚು ಹಾಕಿಸಲು ಬಯಸುವ ವರ್ತಕರೂ ಈ ಅಂಶವನ್ನು ಮರೆಯುವಂತಿಲ್ಲ.

ಸಣ್ಣ ಘಟಕದ ನಿಜವಾದ ಅವಕಾಶ ಫ್ಲಾಸ್ಕಿನ ಸುತ್ತ ಇದೆ. ಅಲ್ಯೂಮಿನಿಯಂ ಸರಳನ್ನು ಬಗ್ಗಿಸಿ ಮಾಡುವ, ಬೇರೆ ಬೇರೆ ವ್ಯಾಸಕ್ಕೆ ಹೊಂದಿಕೊಳ್ಳುವ ಹಿಡಿಕೆ, ತೆಳು ಫ್ಲಾಸ್ಕಿಗೆ ತೊಡಿಸುವ ಸಿಲಿಕೋನ್ ತೋಳು, ಹ್ಯಾಂಡಲ್ಲಿಗೆ ಕಟ್ಟುವ ಕ್ಯಾನ್‌ವಾಸ್ ಚೀಲ, ಅದುರಾಟಕ್ಕೂ ಸಡಿಲವಾಗದ ಉಕ್ಕಿನ ಡಿಕಾಕ್ಷನ್ ಡಬ್ಬಿ ಮುಂತಾದವುಗಳನ್ನು ಬಾಗಿಸುವ, ಬೆಸೆಯುವ, ಹೊಲಿಯುವ ಸೌಲಭ್ಯವಿರುವ ಘಟಕಗಳೇ ತಯಾರಿಸಬಲ್ಲವು. ಮಾರುಕಟ್ಟೆಯ ಕಾಫಿ ಮಾರಾಟಗಾರನಿಗೂ ಇದೇ ಸಾಮಗ್ರಿ ಬೇಕು. ಇಂದು ಆತ ಹಳೆಯ ಟ್ಯೂಬಿನ ರಬ್ಬರಿನಿಂದ ಫ್ಲಾಸ್ಕನ್ನು ಕಟ್ಟುತ್ತಿದ್ದಾನೆ. ಬಿಗಿಯಾದ ಒಂದು ಚೌಕಟ್ಟು, ಲೋಟ ಇಡುವ ಒಂದು ತಟ್ಟೆ ಆತನಿಗೆ ಅಲಂಕಾರವಲ್ಲ, ಬಂಡವಾಳ. ಫ್ಲಾಸ್ಕ್ ಉರುಳಿದರೆ ಆ ದಿನದ ಸಂಪಾದನೆಯೇ ಹೋಯಿತು.

ಒಂದು ಮಾದರಿ ಲೆಕ್ಕ

ಉದಾಹರಣೆಗಾಗಿ ಒಂದು ಹಿಡಿಕೆಯ ಲೆಕ್ಕವನ್ನು ನೋಡೋಣ. ಅಂಕಿಗಳು ಕೇವಲ ವಿವರಣೆಗಾಗಿ. ಕಾರ್ಖಾನೆಯ ಮಾರಾಟ ಬೆಲೆ 220 ರೂ., ಕಚ್ಚಾ ಸಾಮಗ್ರಿ ಮತ್ತು ಕೂಲಿ ಸೇರಿ ಬದಲಾಗುವ ವೆಚ್ಚ 140 ರೂ. ಎಂದಿಟ್ಟುಕೊಂಡರೆ ಪ್ರತಿಯೊಂದರ ಮೇಲೆ ಉಳಿಯುವುದು 80 ರೂ. ಅಚ್ಚು ಮತ್ತು ಜಿಗ್‌ಗೆ 3 ಲಕ್ಷ, ವರ್ಷದ ಸ್ಥಿರ ವೆಚ್ಚ 5 ಲಕ್ಷ ಎಂದಾದರೆ, ಮೊದಲ ವರ್ಷದಲ್ಲಿಯೇ ಹಾಕಿದ್ದೆಲ್ಲ ಮರಳಿ ಬರಲು 10,000 ಹಿಡಿಕೆಗಳು ಮಾರಾಟವಾಗಬೇಕು. ಆಗ ವಹಿವಾಟು 22 ಲಕ್ಷ ರೂ.

ಅಂಗಡಿಯವನು 45 ದಿನಗಳಲ್ಲಿ ಹಣ ನೀಡಿದರೆ ಬಾಕಿಯಲ್ಲಿ ಸಿಲುಕುವ ಮೊತ್ತ ಸುಮಾರು 2.71 ಲಕ್ಷ. 120 ದಿನ ಎಳೆದರೆ ಅದು 7.23 ಲಕ್ಷಕ್ಕೆ ಏರುತ್ತದೆ. ಹೆಚ್ಚುವರಿ 4.52 ಲಕ್ಷಕ್ಕೆ ಶೇ. 12ರಂತೆ ಬಡ್ಡಿ ಸುಮಾರು 54,000 ರೂ. ಅದನ್ನು ತುಂಬಲು ಇನ್ನೂ 675 ಹಿಡಿಕೆಗಳನ್ನು ಮಾರಬೇಕು. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ಹಕ್ಕೂ ಇದೆ. ಉದ್ಯಮ್ ನೋಂದಣಿ ಇಲ್ಲದವರಿಗೆ ಈ ಹಕ್ಕನ್ನು ಚಲಾಯಿಸುವುದು ಕಷ್ಟ.

ತೆರಿಗೆಯ ಎಚ್ಚರ

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ, ಇನ್‌ಸ್ಟಂಟ್ ಕಾಫಿಯ ಮೇಲಿನದು ಶೇ. 18ರಿಂದ 5ಕ್ಕೆ ಇಳಿದಿದೆ. ಹುರಿದ ಕಾಫಿಯ ದರ ಮೊದಲಿನಿಂದಲೂ ಶೇ. 5. ಇದರಿಂದ ಉತ್ತೇಜಿತರಾಗಿ ಕಾಫಿಪುಡಿ, ಹಿಡಿಕೆ, ಫ್ಲಾಸ್ಕ್, ಚೀಲ ಎಲ್ಲವನ್ನೂ ಒಂದೇ ಉಡುಗೊರೆ ಪೆಟ್ಟಿಗೆಯಲ್ಲಿಟ್ಟು ಒಂದೇ ಬೆಲೆಗೆ ಮಾರುವ ಯೋಚನೆ ಸಹಜವಾಗಿ ಬರುತ್ತದೆ. ಇಲ್ಲಿ ಎಚ್ಚರ ಅಗತ್ಯ. ಒಂದಕ್ಕೊಂದು ಸಹಜವಾಗಿ ಸೇರದ ವಸ್ತುಗಳನ್ನು ಒಂದೇ ಬೆಲೆಗೆ ಮಾರಿದರೆ ಕಾನೂನು ಅದನ್ನು ಮಿಶ್ರ ಪೂರೈಕೆ ಎಂದು ಪರಿಗಣಿಸುತ್ತದೆ. ಆಗ ಪೆಟ್ಟಿಗೆಯಲ್ಲಿ ಅತ್ಯಂತ ಹೆಚ್ಚಿನ ದರವಿರುವ ವಸ್ತು ಯಾವುದೋ ಅದರ ದರವೇ ಇಡೀ ಪೆಟ್ಟಿಗೆಗೆ ಅನ್ವಯವಾಗುತ್ತದೆ. ಶೇ. 18ರ ವಸ್ತು ಒಂದೇ ಒಂದಿದ್ದರೂ ಶೇ. 5ರ ಕಾಫಿಪುಡಿಗೂ ಶೇ. 18 ಬೀಳುತ್ತದೆ. ಪ್ರತಿಯೊಂದಕ್ಕೂ ಬೇರೆ ಬೆಲೆ ನಮೂದಿಸಿ, ಗ್ರಾಹಕ ಬೇಕಾದುದನ್ನು ಮಾತ್ರ ಕೊಳ್ಳಬಲ್ಲಂತೆ ಮಾರುವುದು ಕ್ಷೇಮ.

ಚಿಕೋರಿ ಬೆರೆಸಿದ ಪುಡಿಯನ್ನು ಮಾರುವವರು ಅದರಲ್ಲಿ ಕಾಫಿಯ ಅಂಶ ಶೇ. 51ಕ್ಕಿಂತ ಕಡಿಮೆಯಾಗದಂತೆ ನೋಡಿಕೊಂಡು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಸವಾರರು ಪೊಟ್ಟಣದ ಹಿಂಬದಿಯನ್ನು ಓದುವ ಗ್ರಾಹಕರು.

ಹೋಟೆಲ್ ಉದ್ಯಮಕ್ಕೆ ಒಂದು ಮಾತು

ಬೆಂಗಳೂರಿನ ದರ್ಶಿನಿಗಳ ಲಾಭ ವೇಗದಲ್ಲಿದೆ. ಗ್ರಾಹಕ ನಿಂತು ಕುಡಿದು ಹೊರಟರೆ ಮುಂದಿನವನಿಗೆ ಜಾಗ. ಹತ್ತು ಜನರ ಸೈಕಲ್ ಗುಂಪು ಬಂದು ಅರ್ಧ ಗಂಟೆ ಕುಳಿತರೆ ಮಾಲೀಕರಿಗೆ ಬೇಸರವಾಗುವುದು ಸಹಜ. ಆದರೆ ಫ್ಲಾಸ್ಕ್ ತುಂಬಿಸಿಕೊಡುವುದಕ್ಕೆ ಒಂದು ನಿಗದಿತ ದರವನ್ನು ಫಲಕದಲ್ಲಿ ಬರೆದರೆ ಮೂರು ನಾಲ್ಕು ಲೋಟಗಳ ಮಾರಾಟ ಒಂದೇ ನಿಮಿಷದಲ್ಲಿ ಆಗುತ್ತದೆ. ಲೋಟ ತೊಳೆಯುವ ಕೆಲಸವಿಲ್ಲ, ಮೇಜಿನ ಜಾಗವೂ ಬೇಡ. ಹೊರಗೆ ಸೈಕಲ್ ಒರಗಿಸಲು ಒಂದು ಕಬ್ಬಿಣದ ಕಂಬಿ, ಬೆಳಿಗ್ಗೆ ಐದೂವರೆಗೆ ತೆರೆದ ಬಾಗಿಲು ಇಷ್ಟಿದ್ದರೆ ಹೆದ್ದಾರಿ ಬದಿಯ ಸಣ್ಣ ಹೋಟೆಲೂ ವಾರಾಂತ್ಯದ ಖಾಯಂ ಗಿರಾಕಿಗಳನ್ನು ಪಡೆಯಬಲ್ಲದು.

ಈ ಮಾರುಕಟ್ಟೆ ಚಿಕ್ಕದು ಎಂಬುದು ನಿಜ. ಚಿಕ್ಕದಾಗಿರುವುದರಿಂದಲೇ ದೊಡ್ಡ ಕಂಪನಿಗಳು 64 ಮಿ.ಮೀ. ಅಂತರದ ರಂಧ್ರಗಳ ಬಗ್ಗೆ, ಡಿಕಾಕ್ಷನ್ ಡಬ್ಬಿಯ ಮುಚ್ಚಳದ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಗ್ರಾಹಕನ ಅಳತೆಯನ್ನು ಸರಿಯಾಗಿ ತೆಗೆದುಕೊಂಡು, ಹೆಸರನ್ನೂ ವಿನ್ಯಾಸವನ್ನೂ ಮೊದಲೇ ನೋಂದಾಯಿಸಿ, ಬಾಕಿ ವಸೂಲಿಯಲ್ಲಿ ಶಿಸ್ತನ್ನು ಪಾಲಿಸುವ ಉದ್ದಿಮೆದಾರನಿಗೆ ಅದು ಸಾಕಷ್ಟು ದೊಡ್ಡದೇ. ಬೆಳೆ ನಮ್ಮದು, ಕಸುಬು ನಮ್ಮದು. ಇವೆರಡನ್ನೂ ಸೇರಿಸುವ ಹಿಡಿಕೆಯನ್ನು ಹೊರಗಿನಿಂದ ತರಿಸಬೇಕಾದ ಅಗತ್ಯವಿಲ್ಲ.